ಹತ್ತು ಮೈಲಿ, ಐದು ನಿಮಿಷ

ಆಗಸ್ಟ್ 2, ಭಾನುವಾರ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ನೋಟ್‌ಬುಕ್ ಡಿಜಿಟಲ್ ಲಾಜಿಕ್ ಲ್ಯಾಬಿನ ರಫ್ ವರ್ಕ್‌ಗೆಂದು ತಂದದ್ದು. ಇದರಲ್ಲಿ ಮನೆಯ ವಿಷಯ ಬರೆಯಬಾರದು. ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೇನೆಂದು ಗೊತ್ತಿಲ್ಲ, ಆದರೂ ಕೇಳಿಬಿಟ್ಟರೆ ಬರೆಯಲು ಸುಲಭ.

ಎಂಟು ವರ್ಷ ಹಾಸ್ಟೆಲ್‌ನಲ್ಲಿ ಭಾನುವಾರ ಹತ್ತರಿಂದ ಹನ್ನೊಂದು ಲೆಟರ್ ಅವರ್. ಬರೆದದ್ದನ್ನು ವಾರ್ಡನ್ ಮೇಡಂ ಓದಿ, ಸ್ಪೆಲ್ಲಿಂಗ್ ತಿದ್ದಿ, ಆಮೇಲೆ ಅಂಟಿಸುತ್ತಿದ್ದರು. ಅದಕ್ಕೇ ನನ್ನ ಎಲ್ಲ ಪತ್ರಗಳಲ್ಲೂ ನಾನು ಚೆನ್ನಾಗಿದ್ದೆ. ಅಪ್ಪನ ಉತ್ತರಗಳು ಚೆಕ್‌ಲಿಸ್ಟ್ ಥರ ಇರುತ್ತಿದ್ದವು. ಊಟ: ಹೊಟ್ಟೆ ತುಂಬ. ನಿದ್ದೆ: ಎಂಟು ಗಂಟೆ. ಓದು: ಹೆದರದೆ. ಕೊನೆಗೆ ಯಾವಾಗಲೂ ಒಂದೇ ಸಾಲು, ಬೇಗ ಉತ್ತರ ಬರೆ.

ಈಗ ಕಾಲೇಜು ಮನೆಯಿಂದಲೇ. ಹತ್ತು ಗಂಟೆ ಹೊಡೆಯುತ್ತಲೇ ಕೈ ತಾನಾಗಿ ಪೆನ್ ಹುಡುಕುತ್ತದೆ. ಆದರೆ ಪತ್ರ ಬರೆಯಬೇಕಾದವರು ಪಕ್ಕದ ರೂಮಿನಲ್ಲೇ ಇದ್ದಾರೆ.

ಅಪ್ಪ ಸರಕು ವಿಮಾನದ ಪೈಲಟ್. ಅಥವಾ ಪೈಲಟ್ ಆಗಿದ್ದರು. ಯಾವ ಟೆನ್ಸ್ ಹಾಕಬೇಕೋ ತಿಳಿಯುತ್ತಿಲ್ಲ. ಒಂದೂವರೆ ವರ್ಷದ ಹಿಂದೆ ಮೆದುಳಿನಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡು ಎಡಗೈ ಸ್ವಾಧೀನ ತಪ್ಪಿತು. ಕೈ ನಿಧಾನಕ್ಕೆ ವಾಪಸ್ ಬಂದಿದೆ, ಡಾಕ್ಟರುಗಳು ಸಹಿ ಹಾಕಿದ್ದಾರೆ. ಇನ್ನು ಉಳಿದಿರುವುದು ಕಂಪನಿಯ ಪರೀಕ್ಷೆ. ಈ ತಿಂಗಳ 29ಕ್ಕೆ ನೆಲದಲ್ಲೇ ಹಾರಾಟದ ಅನುಭವ ಕೊಡುವ ಅವರ ದೊಡ್ಡ ಸಿಮ್ಯುಲೇಟರ್‌ನಲ್ಲಿ ಕೂರಿಸಿ ಲ್ಯಾಂಡ್ ಮಾಡಿಸುತ್ತಾರಂತೆ. ಅವಕಾಶ ಒಂದೇ ಸಲ. ಪಾಸಾದರೆ ಮತ್ತೆ ವಿಮಾನ. ಇಲ್ಲವಾದರೆ ಗೋದಾಮಿನ ಆಫೀಸಿನಲ್ಲಿ ಕೂತು ಯಾವ ಪೆಟ್ಟಿಗೆ ಯಾವ ವಿಮಾನಕ್ಕೆ ಎಂದು ಪಟ್ಟಿ ಮಾಡುವ ಕೆಲಸ.

ಇವತ್ತು ಊಟಕ್ಕೆ ಕೂತಾಗ ಅಪ್ಪನನ್ನು ನೀವು ಸ್ವಲ್ಪ ಉಪ್ಪು ಕೊಡ್ತೀರಾ ಎಂದು ಕೇಳಿದೆ. ಅಮ್ಮ ನಕ್ಕಳು. "ಅದೇನೇ ನೀವು ನೀವು ಅಂತ? ಅವರೇನು ನಿಮ್ಮ ಪ್ರಿನ್ಸಿಪಾಲಾ?" ಸಾರಿ ಅಂದೆ.

ಆಗಸ್ಟ್ 5, ಬುಧವಾರ

ಅಪ್ಪನ ಪ್ರಾಕ್ಟೀಸ್ ಸಂಜೆ ಐದಕ್ಕೆ. ಜಾಗ ಸ್ಟೋರ್ ರೂಮು. ಹಳೆಯ ಊಟದ ಮೇಜಿನ ಮೇಲೆ ವಿಮಾನ ಓಡಿಸುವ ಸಿಮ್ಯುಲೇಟರ್ ಇರುವ ಡೆಸ್ಕ್‌ಟಾಪ್, ಅಂಚಿಗೆ ಬಿಗಿದ ವಿಮಾನದ ಸ್ಟಿಯರಿಂಗ್, ಬಲಕ್ಕೆ ಎಂಜಿನ್ ಜೋರು ಕಡಿಮೆ ಮಾಡುವ ಥ್ರಾಟಲ್. ಕ್ಯಾಪ್ಟನ್ ಎಡಗಡೆ ಸೀಟಿನವನಾದ್ದರಿಂದ ಸ್ಟಿಯರಿಂಗ್ ಹಿಡಿಯುವುದು ಎಡಗೈ. ಎಲ್ಲ ಕಷ್ಟ ಅದರಲ್ಲೇ ಇದೆ.

ಇವರಿಬ್ಬರಿಗೆ ಒಂದು ಪದ್ಧತಿ ಬೆಳೆದಿದೆ, ನಾನಿಲ್ಲದ ತಿಂಗಳುಗಳಲ್ಲಿ. ರನ್‌ವೇ ಹತ್ತು ಮೈಲಿ ದೂರ ಇರುವಾಗ ಅಪ್ಪ ಒಳಗಿನಿಂದ "ಹತ್ತು ಮೈಲಿ" ಎಂದು ಕೂಗುತ್ತಾರೆ. ಆಸ್ಪತ್ರೆಯ ಲ್ಯಾಬ್ ಕೆಲಸ ಮುಗಿಸಿ ಬಂದ ಅಮ್ಮ ಆಗ ಕಾಫಿಗೆ ಹಾಲಿಡುತ್ತಾಳೆ. ಚಕ್ರ ನೆಲ ಮುಟ್ಟುವುದೂ ಹಾಲು ಉಕ್ಕುವುದೂ ಒಟ್ಟಿಗೆ. ಆಮೇಲೆ ಕಾಫಿ, ಈಗ ಮೂವರಿಗೂ.

ಇವತ್ತು ನಾನು ಬಾಗಿಲಲ್ಲಿ ನಿಂತು ನೋಡಿದೆ. ಊರು ಹತ್ತಿರ ಬಂದ ಹಾಗೆ ಪರದೆಯ ಚಿತ್ರ ತಡವರಿಸುತ್ತದೆ, ಬಿಕ್ಕಳಿಸುತ್ತಾ ಕಥೆ ಹೇಳಿದಂತೆ. ಮೂಲೆಯಲ್ಲಿ ಸೆಕೆಂಡಿಗೆ 14 ಫ್ರೇಮ್, ಅಂದರೆ ಹದಿನಾಲ್ಕೇ ಚಿತ್ರ, ಎಂದು ತೋರಿಸುತ್ತಿತ್ತು. ಆದರೂ ಮೆತ್ತಗೆ ಇಳಿಸಿದರು. ಇಳಿದ ಮೇಲೆ ತಿರುಗಿ ನನ್ನನ್ನು ನೋಡಿದರು.

"ನೀನು ಕಂಪ್ಯೂಟರ್ ತಾನೇ ಓದ್ತಿರೋದು? ತಡವರಿಸ್ತಿರೋದು ಇದೋ ನನ್ನ ಕೈಯೋ ಗೊತ್ತಾಗ್ತಿಲ್ಲ. ಮೊದಲು ಇದನ್ನ ಸರಿ ಮಾಡಿಕೊಡು. ಆಮೇಲೆ ಉಳಿದದ್ದು ನಂದು."

ನಾನು ಓದುತ್ತಿರುವುದು ಮೂರು ವಾರದಿಂದ. ಒಂದರಿಂದ ಹತ್ತರವರೆಗೆ ಎಣಿಸುವ ಪ್ರೋಗ್ರಾಂ ಬರೆದಿದ್ದೇನೆ, ಅದೂ ಒಂಬತ್ತಕ್ಕೇ ನಿಲ್ಲುತ್ತದೆ. ಆಯ್ತು ಅಂದೆ.

ಆಗಸ್ಟ್ 7, ಶುಕ್ರವಾರ

ಕಾಲೇಜಿನ ಹಿಂದಿನ ರಸ್ತೆಯಲ್ಲಿ ರಿಪೇರಿ ಅಂಗಡಿ. ಅಂಗಡಿಯವರಿಗೆ ನಾನು ಇಟ್ಟ ಹೆಸರು ಡಬಲ್ ಚಶ್ಮಾ, ಯಾಕೆಂದರೆ ಒಂದು ಕನ್ನಡಕ ಕಣ್ಣಿಗೆ, ಇನ್ನೊಂದು ಹಣೆಗೆ. ಹಣೆಯದನ್ನು ಅವರು ದಿನವಿಡೀ ಹುಡುಕುತ್ತಿರುತ್ತಾರೆ.

ನಮ್ಮ ಮೆಷಿನ್ ವಿವರ ಕೇಳಿ, ಪ್ರೊಸೆಸರ್ ಮುದುಕ ಆಗಿದೆ, ಅದೇ ಬೋರ್ಡ್‌ಗೆ ಕೂರುವ ಗಟ್ಟಿ ಪ್ರೊಸೆಸರ್ ನನ್ನ ಹತ್ತಿರ ಇದೆ, ಬದಲಾಯಿಸಿಬಿಡು ಎಂದರು. ಅದನ್ನು ಬೇಕಾದರೆ ಓವರ್‌ಕ್ಲಾಕ್ ಕೂಡ ಮಾಡಬಹುದಂತೆ, ಅಂದರೆ ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸುವುದು. "ಓಡಿಸ್ತೀಯಾ, ಓಡಿಸು. ಆದರೆ ಹಣೆ ಮುಟ್ಟಿ ಮುಟ್ಟಿ ಜ್ವರ ನೋಡ್ತಾ ಇರಬೇಕಮ್ಮಾ."

ಅದನ್ನು ಕೊಂಡು, ಒಂದು ಕಾಗದದಲ್ಲಿ ಹಾಕುವ ಹಂತಗಳನ್ನು ಬರೆದುಕೊಂಡೆ. ಹದಿನೇಳು ಹಂತ. ಮೂರನೆಯದರ ಅಕ್ಷರ ನನಗೇ ಓದಲಾಗುತ್ತಿಲ್ಲ.

ಆಗಸ್ಟ್ 9, ಭಾನುವಾರ

ಮೂರನೆಯ ಹಂತ: ಹಳೆಯ ಪ್ರೊಸೆಸರ್ ಇರುವಾಗಲೇ ಬೋರ್ಡಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡತಕ್ಕದ್ದು.

ಇದು ಗೊತ್ತಾದದ್ದು ಹೊಸದನ್ನು ಕೂರಿಸಿ, ಬಿಸಿ ಹೀರುವ ಪೇಸ್ಟ್ ಹಚ್ಚಿ, ಫ್ಯಾನ್ ಬಿಗಿದು, ಸ್ವಿಚ್ ಹಾಕಿ, ಕಪ್ಪು ಪರದೆಯ ಮುಂದೆ ಇಪ್ಪತ್ತು ನಿಮಿಷ ಕೂತ ಮೇಲೆ. ಮತ್ತೆ ಎಲ್ಲ ಬಿಚ್ಚಿದೆ. ಹಳೆಯದನ್ನು ಹಾಕಿದೆ, ಅಪ್‌ಡೇಟ್ ಮಾಡಿದೆ, ಮತ್ತೆ ಬಿಚ್ಚಿದೆ, ಹೊಸದನ್ನು ಹಾಕಿದೆ. ಪೇಸ್ಟ್ ಮೊಣಕೈವರೆಗೆ. ಅಪ್ಪ ಇಡೀ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಟಾರ್ಚ್ ಹಿಡಿದಿದ್ದರು, ಎಡಗೈಯಲ್ಲಿ. ಬೆಳಕು ಸ್ವಲ್ಪ ಅಲ್ಲಾಡುತ್ತಿತ್ತು. ನಾನು ಬೆಳಕು ಇರುವ ಕಡೆಗೆ ಸ್ಕ್ರೂ ಹುಡುಕಿಕೊಂಡೆ.

ಮಧ್ಯೆ ಎಷ್ಟು ಸಲ ಸಾರಿ ಅಂದೆನೋ. ಕೊನೆಗೆ ಅವರು, ನಮ್ಮ ಕಾಕ್‌ಪಿಟ್‌ನಲ್ಲಿ ಸಾರಿ ಅಂತ ಸ್ವಿಚ್ ಇಲ್ಲ, ಮುಂದಿನ ಹಂತ ಓದು ಎಂದರು. ಬೈದರೋ ಸಮಾಧಾನ ಮಾಡಿದರೋ ಗೊತ್ತಾಗಲಿಲ್ಲ.

ಸಂಜೆ ಆರಕ್ಕೆ ಪರದೆ ಬೆಳಗಿತು.

ಆಗಸ್ಟ್ 11, ಮಂಗಳವಾರ

ಹೊಸ ಪ್ರೊಸೆಸರ್, 31 ಫ್ರೇಮ್. ಆಸೆ ಹತ್ತಿತು. ಓವರ್‌ಕ್ಲಾಕ್ ಶುರು ಮಾಡಿದೆ. ವೇಗದ ಅಂಕಿ 42 ಇತ್ತು, 44 ಮಾಡಿದೆ, 45, 47. 48ಕ್ಕೆ ನೀಲಿ ಪರದೆ ಬಂದು ಕುಸಿದುಬಿತ್ತು. ವಾಪಸ್ 47. ಒಂದು ಗಂಟೆ ಪೂರ್ತಿ ದುಡಿಸಿ ನೋಡಿದೆ, ಬಿಸಿ 78 ಡಿಗ್ರಿ ದಾಟಲಿಲ್ಲ. ಸಿಮ್ಯುಲೇಟರ್‌ನಲ್ಲಿ 40 ಫ್ರೇಮ್. ಮೋಡ ನೀರಿನ ಹಾಗೆ ಹರಿಯುತ್ತದೆ.

ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಇರಬೇಕು. ಎಲ್ಲ ಅಂಕಿಗಳನ್ನೂ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಹಾಸ್ಟೆಲ್‌ನಲ್ಲಿ ಟ್ರಂಕಿನ ಸಾಮಾನು ಪಟ್ಟಿ ಬರೆಯುತ್ತಿದ್ದ ಅಭ್ಯಾಸ.

ಆಗಸ್ಟ್ 12, ಬುಧವಾರ

ಅರ್ಥವಾಗುತ್ತಿಲ್ಲ.

ಅಪ್ಪ ಖುಷಿಯಿಂದ ಕೂತರು. ಚಿತ್ರ ನೋಡಿ ಶಿಳ್ಳೆ ಹಾಕಿದರು. ಹತ್ತು ಮೈಲಿ ಎಂದು ಕೂಗಿದರು. ಇಳಿಯುವಾಗ ನೆಲಕ್ಕೆ ಸ್ವಲ್ಪ ಮೇಲೆ ವಿಮಾನದ ಮೂಗು ಎತ್ತಬೇಕು. ಎತ್ತಿದರು, ಆದರೆ ಅಷ್ಟರಲ್ಲಿ ನೆಲ ಬಂದಿತ್ತು. ಪರದೆ ಕೆಂಪಾಯಿತು. ಇಳಿದ ರಭಸವನ್ನು ಸಿಮ್ಯುಲೇಟರ್ ಕೊನೆಗೆ ಅಂಕಿಯಲ್ಲಿ ಹೇಳುತ್ತದೆ, ನಿಮಿಷಕ್ಕೆ ಎಷ್ಟು ಅಡಿ ಅಂತ. 900. ಕಂಪನಿಗೆ 300ರ ಒಳಗೆ ಬೇಕು.

ಅಮ್ಮ ಅಡುಗೆಮನೆಯಿಂದ, "ಏನಿದು, ಹಾಲಿನ್ನೂ ಉಕ್ಕೇ ಇಲ್ಲ, ಆಗಲೇ ಇಳಿದ್ರಾ?" ಎಂದು ಕೇಳಿದಳು.

ಅಪ್ಪ ಇನ್ನೂ ಎರಡು ಸಲ ಇಳಿಸಿ ನೋಡಿದರು. ಎರಡು ಸಲವೂ ಕೆಂಪು.

ಆಗಸ್ಟ್ 13, ಗುರುವಾರ

640. ಅಪ್ಪ ಕಾಫಿ ಬೇಡ ಅಂದರು.

ಆಗಸ್ಟ್ 14, ಶುಕ್ರವಾರ

410. ಚಕ್ರ ಮುಟ್ಟಿ, ಎಗರಿ, ಮತ್ತೆ ಮುಟ್ಟಿತು. ಅಪ್ಪ ಎಡಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು ಕೂತರು. ಆಮೇಲೆ ಗೋಡೆಗೆ ಹೇಳಿದ ಹಾಗೆ ಹೇಳಿದರು.

"ಹಾಗಾದ್ರೆ ಉಳಿದದ್ದು ನಂದೇ."

ನನಗೆ ತಡೆಯಲಾಗಲಿಲ್ಲ. ಇಲ್ಲ, ತಪ್ಪು ನನ್ನದು, ನಾನು ವೇಗ ಜಾಸ್ತಿ ಮಾಡಿದ್ದು ಸರಿ ಹೋಗಿಲ್ಲ, ಅದಕ್ಕೇ ಸ್ಟಿಯರಿಂಗ್ ಹೇಳಿದ್ದು ಮೆಷಿನ್‌ಗೆ ತಡವಾಗಿ ಕೇಳಿಸುತ್ತಿದೆ, ಸಾರಿ, ನಾಳೆ ಸರಿ ಮಾಡ್ತೀನಿ ಎಂದು ಒಂದೇ ಉಸಿರಿಗೆ ಹೇಳಿದೆ. ನಿಜ ಇರಬಹುದು ಎಂದೇ ಹೇಳಿದೆ. ಅಪ್ಪ ತಿರುಗಿ ನನ್ನ ಮುಖ ನೋಡಿದರು. ನೀರಲ್ಲಿ ಬಿದ್ದವರಿಗೆ ಹಗ್ಗ ಕಂಡ ಹಾಗೆ. "ಹೌದಾ?" ಎಂದರು.

ಹೌದು ಅಂದೆ.

ಆಗಸ್ಟ್ 16, ಭಾನುವಾರ

ಎರಡು ದಿನ ಹುಡುಕಿದೆ. ಮೆಮೊರಿ ಪರೀಕ್ಷೆ ಸರಿ. ಬಿಸಿ ಸರಿ. ಸ್ಟಿಯರಿಂಗ್ ವೈರು ಸರಿ. ಬೇರೆ ಯುಎಸ್‌ಬಿಗೆ ಹಾಕಿದೆ, ಅದೂ ಸರಿ. ತಪ್ಪು ಸಿಗದಿದ್ದರೆ ಇಷ್ಟು ಬೇಜಾರಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಡಬಲ್ ಚಶ್ಮಾಗೆ ಫೋನ್ ಮಾಡಿದೆ. ಪೂರ್ತಿ ಕೆಳಗಿಳಿಸಿ ನೋಡು, ಅಲ್ಲಿ ಸರಿ ಇದ್ದರೆ ಒಂದೊಂದೇ ಮೆಟ್ಟಿಲು ಹತ್ತು ಎಂದರು.

ಇಳಿಸಿದೆ. ವೇಗ 30, ಪ್ರೊಸೆಸರ್ ಒಳಗಿನ ನಾಲ್ಕು ಕೋರ್‌ಗಳಲ್ಲಿ ಎರಡನ್ನು ಮಲಗಿಸಿದೆ. 14 ಫ್ರೇಮ್. ಮತ್ತೆ ಹಳೆಯ ಬಿಕ್ಕಳಿಕೆ.

ಅಪ್ಪ ಕೂತರು. ಹತ್ತು ಮೈಲಿ ಎಂದರು. ಇಳಿಸಿದರು. 150.

ಇನ್ನೊಮ್ಮೆ. 170.

ಅಡುಗೆಮನೆಯಲ್ಲಿ ಸುಯ್ ಎಂದು ಹಾಲು ಉಕ್ಕಿ ಒಲೆ ಆರಿತು. ಅಪ್ಪ ಎದ್ದು ಹೋಗಿ ಅಮ್ಮನ ಭುಜ ಹಿಡಿದು, "ಕೈ ಬಂತು ಕಣೇ" ಎಂದರು.

ನಾನು ಮೆಟ್ಟಿಲು ಹತ್ತಲಿಲ್ಲ.

ಆಗಸ್ಟ್ 18, ಮಂಗಳವಾರ

ಮನೆ ಬೇರೆಯವರ ಮನೆಯಂತಿದೆ. ಅಪ್ಪ ಸ್ನಾನ ಮಾಡುವಾಗ ಹಾಡುತ್ತಾರೆ. ಕಂಪನಿಗೆ ಫೋನ್ ಮಾಡಿ 29ಕ್ಕೆ ಖಂಡಿತ ಬರುತ್ತೇನೆ ಎಂದರಂತೆ. ಅಮ್ಮ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು, ಅಪ್ಪ ಇವತ್ತು ತುಂಬಿದ ಲೋಟವನ್ನು ಎಡಗೈಯಲ್ಲಿ ಎತ್ತಿದರಂತೆ, ತಮಗೇ ಗೊತ್ತಿಲ್ಲದೆ. "ನೀನು ಏನು ಮಾಡಿದ್ಯೋ ಮಾರಾಯ್ತಿ, ಹಾಗೇ ಇರಲಿ, ಮುಟ್ಟಬೇಡ."

ಖುಷಿಯಾಗಬೇಕು. ಆಗುತ್ತಿಲ್ಲ. ಯಾಕೆ? ನಾಲ್ಕು ಕೋರು, ಅರ್ಧ ಮಲಗಿವೆ. ಬಿಕ್ಕಳಿಸುವ ಮೆಷಿನ್‌ನಲ್ಲಿ ಚೆನ್ನಾಗಿ ಇಳಿಯುತ್ತಾರೆ, ಹರಿಯುವ ಮೆಷಿನ್‌ನಲ್ಲಿ ಬೀಳುತ್ತಾರೆ. ತಲೆಕೆಳಗಾದ ಲೆಕ್ಕ.

ಆಗಸ್ಟ್ 20, ಗುರುವಾರ

ಅಮ್ಮನಿಗೆ ಇವತ್ತು ಕೆಲಸ ಜಾಸ್ತಿ. ಹಾಲಿಡುವ ಡ್ಯೂಟಿ ನನಗೆ ಬಂತು. ಅಪ್ಪ ಕೂಗಿದರು, ನಾನು ಒಲೆ ಹಚ್ಚಿದೆ. ಒಲೆಯ ಮುಂದೆ ನಿಂತು ಮಾಡಲು ಏನೂ ಇರಲಿಲ್ಲ, ಗೋಡೆ ಗಡಿಯಾರ ಎದುರಿಗೇ ಇತ್ತು. ಐದು ಗಂಟೆ ಹನ್ನೆರಡು ನಿಮಿಷ. ಹಾಲು ಉಕ್ಕಲು ಬಂದಾಗ ಐದು ಹತ್ತೊಂಬತ್ತು. ಅದೇ ಹೊತ್ತಿಗೆ ಒಳಗೆ ಚಕ್ರದ ಸದ್ದು.

ಏಳು ನಿಮಿಷ.

ಚಿಕ್ಕವಳಿದ್ದಾಗ ಅಪ್ಪ ಕಲಿಸಿದ ಒಂದೇ ಲೆಕ್ಕ ನನಗೆ ಚೆನ್ನಾಗಿ ನೆನಪಿದೆ. ಇಳಿಯುವಾಗ ಅವರ ವಿಮಾನ ನಿಮಿಷಕ್ಕೆ ಎರಡು ಮೈಲಿ. ಹತ್ತು ಮೈಲಿ ಅಂದರೆ ಐದು ನಿಮಿಷ. ಮೋಡ ಇರಲಿ ಬಿಸಿಲಿರಲಿ, ಐದು.

ಆಮೇಲೆ ಅಪ್ಪ ಕಾಫಿ ಕುಡಿಯುವಾಗ ಸ್ಟೋರ್ ರೂಮಿಗೆ ಹೋಗಿ ಸಿಮ್ಯುಲೇಟರ್‌ನ ಕೈಪಿಡಿ ತೆರೆದೆ. 212ನೇ ಪುಟ. ಸೆಕೆಂಡಿಗೆ ಇಪ್ಪತ್ತು ಫ್ರೇಮ್ ಕೂಡ ಬಿಡಿಸಲಾಗದಷ್ಟು ಪ್ರೊಸೆಸರ್ ದುರ್ಬಲವಾಗಿದ್ದರೆ, ಸಿಮ್ಯುಲೇಟರ್ ತನ್ನೊಳಗಿನ ಗಡಿಯಾರವನ್ನೇ ನಿಧಾನ ಮಾಡಿಕೊಳ್ಳುತ್ತದೆ. ವಿಮಾನ, ಗಾಳಿ, ನೆಲ ಎಲ್ಲವೂ ನಿಧಾನ. ಮುಂದೆ ಕೂತ ಮನುಷ್ಯ ಒಬ್ಬನೇ ಮಾಮೂಲು.

14 ಭಾಗಿಸು 20, ಅಂದರೆ ಹತ್ತರಲ್ಲಿ ಏಳು ಪಾಲು ವೇಗ. ಐದು ನಿಮಿಷ ಏಳಾಗುತ್ತದೆ.

ಅಂದರೆ ಮೆಷಿನ್ ಇಷ್ಟು ದಿನ ಅಪ್ಪನಿಗೆ ಕಾಯುತ್ತಿತ್ತು.

ಆಗಸ್ಟ್ 21, ಶುಕ್ರವಾರ

ಪೈಲಟ್‌ಗೆ ಇದು ಗೊತ್ತಾಗಲಿಲ್ಲವೇ ಎಂದು ಬೆಳಿಗ್ಗೆಯಿಂದ ಯೋಚನೆ. ಮುಂಚೆ ಅಪ್ಪ ಪ್ರತಿ ಲ್ಯಾಂಡಿಂಗ್‌ಗೂ ವಾಚ್ ನೋಡುತ್ತಿದ್ದರು. ಕಾಯಿಲೆಯಾದ ದಿನ ಆಸ್ಪತ್ರೆಯಲ್ಲಿ ಎಡಗೈಯಿಂದ ವಾಚ್ ಬಿಚ್ಚಿಸಿದರು. ಆಮೇಲೆ ಅದು ಬೀರುವಿನ ಡ್ರಾಯರ್ ಸೇರಿತು.

ಲ್ಯಾಬ್ ಪಾರ್ಟ್ನರ್‌ಗೆ, ಯಾರದೋ ಮನೆಯ ಕಥೆ ಎಂಬಂತೆ ಹೇಳಿದೆ. ಅವಳು, ಹೇಳಬೇಡ, ಕಾನ್ಫಿಡೆನ್ಸ್ ಇದ್ದರೆ ಪಾಸಾಗ್ತಾರೆ ಎಂದಳು. ಐದು ನಿಮಿಷದ ನಂತರ ತಾನಾಗಿ, ಹೇಳು, ಇಲ್ಲದಿದ್ದರೆ ನಾಳೆ ನಿಜವಾದ ವಿಮಾನ ಕಾಯಲ್ಲ ಎಂದಳು. ಎರಡೂ ಸರಿ ಅನ್ನಿಸಿತು. ಇಬ್ಬರೂ ಸೇರಿ ಸರ್ಕ್ಯೂಟ್ ಸುಟ್ಟೆವು.

ಸಂಜೆ 140. ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟ. ಎಡಗೈ. ನಾನು ಅಲ್ಲಾಡದೆ ನಿಂತೆ.

ಆಗಸ್ಟ್ 22, ಶನಿವಾರ

ಹೇಳದಿದ್ದರೆ: ಒಂದು ವಾರ ಹಾಡು, ಕಾಫಿ, 150. ಆಮೇಲೆ 29.

ಹೇಳಿದರೆ: ಅಪ್ಪ ಮತ್ತೆ ಮೇಜಿನ ಕೆಳಗೆ ಕೈ ಇಟ್ಟುಕೊಂಡು ಕೂರುತ್ತಾನೆ. ಅಮ್ಮ ನನ್ನ ಮೇಲೆ ಸಿಟ್ಟಾಗುತ್ತಾಳೆ. ಹಾಲಿಡುವವರೇ ಇರುವುದಿಲ್ಲ.

ಅಮ್ಮನಿಗೆ ಮೊದಲು ಹೇಳೋಣವೆಂದು ಅಡುಗೆಮನೆಗೆ ಹೋದೆ. ಅವಳು ಕೈ ಒರೆಸಿಕೊಳ್ಳುತ್ತಾ, ಏನೇ, ಮುಖ ಹೀಗೆ ಇಟ್ಕೊಂಡಿದ್ದೀಯಾ ಎಂದಳು. ಉಪ್ಪು ಎಲ್ಲಿ ಎಂದು ಕೇಳಿ ವಾಪಸ್ ಬಂದೆ. ನನ್ನ ರೂಮಿನಲ್ಲಿ ಉಪ್ಪಿನ ಡಬ್ಬಿ ಇಟ್ಟುಕೊಂಡು ಕೂತಿದ್ದೇನೆ.

ಮೆಷಿನ್ ಅಂಕಿಗಳನ್ನು ಮತ್ತೆ ನೋಡೋಣವೆಂದು ಕೊನೆಯ ಪುಟ ತೆಗೆದೆ. ವೇಗ 47 ಇದ್ದ ಮೂರು ದಿನಗಳ ಮೊದಲ ಲ್ಯಾಂಡಿಂಗ್‌ನ ಅಂಕಿಗಳು ಅಲ್ಲಿ ಸಾಲಾಗಿ ಇವೆ.

900
640
410

ಬರೆಯುವಾಗ ಒಂದೊಂದನ್ನೂ ಒಂದೊಂದು ಸೋಲು ಎಂದೇ ಬರೆದಿದ್ದೆ. ಒಂದರ ಕೆಳಗೆ ಒಂದು ನೋಡಿರಲಿಲ್ಲ. ನಾಲ್ಕನೆಯ ದಿನ ಬರುವ ಮೊದಲೇ ನಾನೇ ಸಾರಿ ಎಂದು ನಿಲ್ಲಿಸಿಬಿಟ್ಟೆ.

ಸ್ಕೇಲ್ ಇಟ್ಟು ಗೆರೆ ಎಳೆದು ನೋಡಿದೆ. ಹೀಗೆಲ್ಲ ಎಳೆಯಬಾರದು, ಮೂರೇ ಬಿಂದು ಸಾಲದು ಎಂದು ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ಹೇಳಿದ್ದಾರೆ. ಆದರೂ ಎಳೆದೆ. ನಾಲ್ಕನೆಯ ದಿನಕ್ಕೆ ಗೆರೆ 300ರ ಕೆಳಗೆ ಇಳಿಯುತ್ತದೆ.

ಆಗಸ್ಟ್ 23, ಭಾನುವಾರ

ಹತ್ತು ಗಂಟೆ. ಬಾಯಲ್ಲಿ ಹೇಳಲು ಹೊರಟರೆ ನಾನು ಸಾರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೇನೆ. ನನಗೆ ಗೊತ್ತಿರುವ ದಾರಿ ಇದೊಂದೇ. ಕಚ್ಚಾ ಇಲ್ಲಿ ಬರೆದು ಆಮೇಲೆ ಬಿಳಿ ಹಾಳೆಗೆ ಇಳಿಸಿ, ಅವನು ವಾಕಿಂಗ್‌ನಿಂದ ಬರುವ ಮೊದಲು ಕೀಬೋರ್ಡ್ ಮೇಲೆ ಇಡುತ್ತೇನೆ.

ಅಪ್ಪ,

ಈ ಪತ್ರವನ್ನು ಯಾರೂ ತಿದ್ದಿಲ್ಲ. ಹತ್ತು ಮೈಲಿಗೆ ಎಷ್ಟು ನಿಮಿಷ ಎಂದು ನನಗೆ ಕಲಿಸಿದ್ದು ನೀನು. ನಮ್ಮ ಮೆಷಿನ್‌ನಲ್ಲಿ ಈಗ ಅದು ಏಳು ನಿಮಿಷ ಆಗುತ್ತಿದೆ. ಪ್ರೊಸೆಸರ್ ಸೋತಾಗ ಸಿಮ್ಯುಲೇಟರ್ ಸಮಯವನ್ನೇ ನಿಧಾನ ಮಾಡುತ್ತದೆ. ಕೈಪಿಡಿ 212ನೇ ಪುಟ, ಗುರುತು ಇಟ್ಟಿದ್ದೇನೆ. ಹಳೆಯ ಪ್ರೊಸೆಸರ್ ಇದ್ದಾಗಲೂ ಹಾಗೇ ಆಗುತ್ತಿತ್ತು. ಹೊಸದು ಹಾಕಿದ ಆ ಮೂರು ದಿನ ಮಾತ್ರ ಸಮಯ ಸರಿ ಇತ್ತು.

ಓವರ್‌ಕ್ಲಾಕ್ ಸರಿ ಹೋಗಿಲ್ಲ ಎಂದು ನಾನು ಹೇಳಿದ್ದು ಸುಳ್ಳಾಯಿತು. ಅದರಲ್ಲಿ ಏನೂ ದೋಷ ಇರಲಿಲ್ಲ. ನಿನ್ನ ಮುಖ ನೋಡಲಾಗದೆ ಹೇಳಿದೆ. ಆಮೇಲೆ ವೇಗ ಇಳಿಸಿ ಹಾಗೇ ಬಿಟ್ಟೆ. ಗುರುವಾರದಿಂದ ನನಗೆ ಗೊತ್ತಿದೆ, ಮೂರು ದಿನ ಹೇಳಲಿಲ್ಲ.

ಇನ್ನೊಂದು ವಿಷಯ. ಸಮಯ ಸರಿ ಇದ್ದ ಮೂರು ದಿನ ನೀನು 900ರಿಂದ 640ಕ್ಕೆ, 640ರಿಂದ 410ಕ್ಕೆ ಇಳಿಸಿದ್ದೀಯ. ಮೂರೇ ದಿನದಲ್ಲಿ ಅಷ್ಟು. ನೀನು ಬಿದ್ದದ್ದನ್ನು ಎಣಿಸಿದೆ, ನಾನೂ ಅದನ್ನೇ ಎಣಿಸಿದೆ. ಉಳಿದದ್ದು ನಂದು ಅಂದಿದ್ದೆಯಲ್ಲ. ಉಳಿದದ್ದು ಎರಡು ನಿಮಿಷ. ಇನ್ನು ಆರು ದಿನ ಇದೆ. ಸಾಲುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ನಿಜವಾಗಿ ಗೊತ್ತಿಲ್ಲ.

ಡ್ರಾಯರ್‌ನಲ್ಲಿದ್ದ ನಿನ್ನ ವಾಚ್‌ಗೆ ನಿನ್ನೆ ಹೊಸ ಸೆಲ್ ಹಾಕಿಸಿದ್ದೇನೆ. ಈ ಹಾಳೆ ಹಾರಿಹೋಗದ ಹಾಗೆ ಅದನ್ನೇ ಮೇಲೆ ಇಟ್ಟಿದ್ದೇನೆ. ಯಾವ ಕೈಗೆ ಬೇಕಾದರೂ ಕಟ್ಟಿಕೋ.

ಸಂಜೆ ಐದಕ್ಕೆ ಮೆಷಿನ್ ಯಾವ ವೇಗದಲ್ಲಿ ಇಡಲಿ, ಈಗಿರುವ ಹಾಗೋ ಅಥವಾ 47ರಲ್ಲೋ? ಬದಲಾಯಿಸಲು ನನಗೆ ಅರ್ಧ ಗಂಟೆ ಬೇಕು. ಹಾಲು ಯಾವಾಗ ಇಡಬೇಕೆಂದು ಅಮ್ಮನಿಗೂ ಹೇಳಬೇಕು.

ನಾನು ಪಕ್ಕದ ರೂಮಿನಲ್ಲೇ ಇದ್ದೇನೆ. ಬೇಗ ಉತ್ತರ ಬರೆ.